ಗ್ರಾಹಕರ ದೂರು: ಅಂದು, ಇಂದು

ಕ್ರಿ.ಪೂ. 1750ರ ಸುಮಾರಿನಲ್ಲಿ ನನ್ನಿ ಎಂಬ ಗ್ರಾಹಕನು ಕೀಳು ತಾಮ್ರದ ವಿಷಯವಾಗಿ ಊರ್ ನಗರದ ವರ್ತಕ ಈಯಾ-ನಾಸಿರನಿಗೆ ಜೇಡಿಮಣ್ಣಿನ ಫಲಕದಲ್ಲಿ ದೂರು ಬರೆಯಿಸಿದನು. ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿರುವ ಆ ಫಲಕವು ಅಂದು ಇಬ್ಬರ ನಡುವಣ ಮಾತಾಗಿದ್ದಿತು. ಇಂದು ಸಾಮಾಜಿಕ ಜಾಲತಾಣಗಳಲ್ಲಿ ಅಂತಹ ದೂರಿಗೆ ಲೋಕವೇ ಸಾಕ್ಷಿ.

2008ರಲ್ಲಿ ಯುನೈಟೆಡ್ ಏರ್‌ಲೈನ್ಸ್ ವಿಮಾನದಲ್ಲಿ ಪ್ರಯಾಣ ಮಾಡಿದ ಕೆನಡಾದ ಗಾಯಕ ಡೇವ್ ಕ್ಯಾರಲ್ ಅವರ ಗಿಟಾರು ಮುರಿಯಿತು. ಸುಮಾರು ಒಂಬತ್ತು ತಿಂಗಳು ಮನವಿ ಮಾಡಿಕೊಂಡರೂ ಅವರಿಗೆ ದೊರೆತುದು ನಿರಾಕರಣೆಯೊಂದೇ. 2009ರ ಜುಲೈ ತಿಂಗಳಲ್ಲಿ ಅವರು ಆ ದೂರನ್ನೇ ಹಾಡಾಗಿ ಕಟ್ಟಿ ಯೂಟ್ಯೂಬಿನಲ್ಲಿ ಪ್ರಕಟಿಸಿದರು. ಲಕ್ಷಾಂತರ ಜನರು ಅದನ್ನು ಕೇಳಿದ ತರುವಾಯವೇ ಸಂಸ್ಥೆಯು ಪರಿಹಾರ ನೀಡಲು ಮುಂದಾಯಿತು.

ಹಾಡು ಕಟ್ಟಬಲ್ಲವನ ದೂರು ಲೋಕಕ್ಕೆ ಕೇಳಿಸಿತು. ಹಾಡಲಾರದ ಗ್ರಾಹಕನ ಮೊದಲ ಮನವಿಗೆ ಸಂಸ್ಥೆಯು ಕೊಡುವ ಉತ್ತರವೇ ಅದರ ನಡತೆಗೆ ಒರೆಗಲ್ಲೆಂದು ನಾವು ಭಾವಿಸುತ್ತೇವೆ.