ಅಂಗಾಲನ್ನೂ ಒಮ್ಮೆ ನೋಡಿ

ಹೈದರಾಬಾದ್: ಕೊಂಡಾಪುರ, ಮಾದಾಪುರ, ಗಚ್ಚಿಬೌಲಿ ಕಡೆ ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡಿಗರ ಮನೆಗಳಿಗೆ ಊರಿನಿಂದ ತಂದೆತಾಯಿ ಬಂದು ತಿಂಗಳುಗಟ್ಟಲೆ ಇರುವುದುಂಟು. ಬಿ.ಪಿ., ಶುಗರ್ ಮಾತ್ರೆಗಳ ಡಬ್ಬಿಯೂ ಜತೆಗೆ ಬರುತ್ತದೆ. ಮಾತ್ರೆ ತಗೊಂಡಿರಾ ಎಂದು ಮಕ್ಕಳು ಮರೆಯದೆ ಕೇಳುತ್ತಾರೆ. ಅವರ ಅಂಗಾಲನ್ನು ಮಾತ್ರ ಯಾರೂ ನೋಡುವುದಿಲ್ಲ.

ಕೆಲವು ತೊಂದರೆಗಳು ತಾವಾಗಿಯೇ ಕೂಗಿ ಹೇಳುತ್ತವೆ. ಬೆಳಿಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮುಳ್ಳು ಚುಚ್ಚಿದಂತಾಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆಯಾದರೆ ಅದು ಬಹುತೇಕ ಅಂಗಾಲಿನ ದಪ್ಪ ಪೊರೆಯ ನೋವು. ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ಗಂಟೆಗಟ್ಟಲೆ ಅಡುಗೆ ಮಾಡುವ ಗೃಹಿಣಿಯರಿಗೆ ಇದು ಹೊಸದೇನಲ್ಲ. ಮೆತ್ತನೆಯ ಚಪ್ಪಲಿ, ಮೀನಖಂಡ ಎಳೆಯುವ ವ್ಯಾಯಾಮದಿಂದ ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ವಾಸಿಯಾಗುತ್ತದೆ. ರಾತ್ರೋರಾತ್ರಿ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ತಗುಲಿದರೂ ಜೀವ ಹೋದಂತಾದರೆ ಗೌಟ್ ಇರಬಹುದು. ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗಾಗಿ ತುರಿಸಿದರೆ ಅದು ಸಾಮಾನ್ಯವಾಗಿ ಶಿಲೀಂಧ್ರದ ಸೋಂಕು.

ಹೆದರಬೇಕಾದ್ದು ನೋಯದ ಕಾಲಿಗೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಪಾದದ ನರಗಳು ಸೊರಗುತ್ತವೆ. ಮೊದಲು ಜೋಮು, ಉರಿ, ಹತ್ತಿಯ ಮೇಲೆ ನಡೆದ ಹಾಗೆ. ಆಮೇಲೆ ಚಪ್ಪಲಿ ಕಳಚಿ ಬಿದ್ದರೂ ಅರಿವಾಗುವುದಿಲ್ಲ. ಬೇಸಿಗೆಯಲ್ಲಿ ದೇವಸ್ಥಾನದ ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ ಹಾಕಿದವರಿಗೆ ಬೊಕ್ಕೆ ಎದ್ದದ್ದು ತಿಳಿಯುವುದು ಮನೆಯ ನೆಲದ ಮೇಲೆ ಒದ್ದೆ ಗುರುತು ಕಂಡಾಗ. ‘ನೋವಿಲ್ಲವಲ್ಲ, ಬಿಡಿ’ ಎಂದು ಬಿಟ್ಟ ಇಂಥ ಗಾಯವೇ ಮುಂದೆ ಬೆರಳು, ಕಾಲು ಕತ್ತರಿಸುವವರೆಗೆ ಹೋಗಬಹುದು.

ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದು, ಬಿಸಿನೀರಿನ ಶಾಖ ಕೊಡುವುದು ಇಂಥವರಿಗೆ ಸಲ್ಲದು. ಒಂದೇ ಪಾದ ಕೆಂಪಗೆ, ಬಿಸಿಯಾಗಿ ಊದಿದರೆ ಉಳುಕೆಂದು ಎಣ್ಣೆ ತಿಕ್ಕಿ ಸುಮ್ಮನಾಗಬಾರದು. ಒಳಗೆ ಮೂಳೆ ಕುಸಿಯುತ್ತಿರಬಹುದು. ನಡೆದಾಗ ಮೀನಖಂಡ ಹಿಡಿದು, ನಿಂತರೆ ಬಿಡುವುದು ರಕ್ತಸಂಚಾರ ಕುಂದಿದ ಸೂಚನೆ. ಕೀವು, ಕಪ್ಪು ಬಣ್ಣ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಸ್ಪರ್ಶ ಪರೀಕ್ಷೆ ಬಹಳ ಸುಲಭ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಮುಟ್ಟಿಸಿ, ತಿಳಿಯಿತೇ ಎಂದು ಕೇಳುತ್ತಾರೆ. ಮಧುಮೇಹಿಗಳು ವರ್ಷಕ್ಕೊಮ್ಮೆಯಾದರೂ ತಮ್ಮ ವೈದ್ಯರಲ್ಲಿ ಇದನ್ನು ಕೇಳಿ ಮಾಡಿಸಿಕೊಳ್ಳಬೇಕು. ಮನೆಯಲ್ಲಿ ದಿನಾ ರಾತ್ರಿ ಪಾದ ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲು ನೋಡಿಕೊಂಡರಾಯಿತು. ಬಗ್ಗಲಾಗದವರು ನೆಲದ ಮೇಲೊಂದು ಕನ್ನಡಿ ಇಟ್ಟುಕೊಳ್ಳಲಿ. ಕಣ್ಣು ಮಂಜಾದವರಿಗೆ ಮೊಮ್ಮಕ್ಕಳು ನೋಡಿ ಹೇಳಲಿ.