ಲೂಪುಗಳ ಕಾಲಪ್ರಮಾಣವನ್ನು ಕಾಯುವ ಬಗೆ

ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ಈಗ ಮನೆಯಲ್ಲಿಯೇ ಗಣಕಯಂತ್ರದಿಂದ ಹಾಡುಗಳನ್ನು ಕಟ್ಟುತ್ತಿರುವರು. ಸಣ್ಣದೊಂದು ವಾದ್ಯಖಂಡವನ್ನು ಮತ್ತೆ ಮತ್ತೆ ನುಡಿಯುವಂತೆ ಇರಿಸುವದಕ್ಕೆ ಲೂಪ್ ಎಂದು ಹೆಸರು. ನಿಮಿಷವೊಂದಕ್ಕೆ ಬೀಳುವ ಎಣಿಕೆಗಳ ಸಂಖ್ಯೆಯೇ ಅದರ ಕಾಲಪ್ರಮಾಣವು. ಅದು 120 ಆದರೆ, 8 ಎಣಿಕೆಗಳ ಲೂಪಿಗೆ ಸರಿಯಾಗಿ 4 ಸೆಕೆಂಡು ಹಿಡಿಯುವದು.

ಇದರೊಡನೆ 120.5ರ ಮತ್ತೊಂದು ಲೂಪನ್ನು ಸೇರಿಸಿದರೆ ಏನಾಗುವದು? ಅದು ಪ್ರತಿ ಸುತ್ತಿಗೂ ಸೆಕೆಂಡಿನ ಸುಮಾರು 60ನೆಯ ಒಂದಂಶದಷ್ಟು ಮುಂದಾಗುವದು. ಮೊದಲು ಕಿವಿಗೆ ತಿಳಿಯದು. ಆದರೆ 30 ಸುತ್ತುಗಳಲ್ಲಿ, ಅಂದರೆ ಎರಡೇ ನಿಮಿಷಗಳಲ್ಲಿ, ಅಂತರವು ಹೆಚ್ಚುಕಡಿಮೆ ಒಂದು ಪೂರ್ಣ ಎಣಿಕೆಯಷ್ಟಾಗಿ, ಚೆನ್ನಾಗಿ ಹಾಡಿದವಳೇ ತಾಳ ತಪ್ಪಿದವಳಂತೆ ತೋರುವಳು.

ಆದದರಿಂದ ಮೊದಲು ಇಡೀ ಹಾಡಿಗೆ ಒಂದೇ ಕಾಲಪ್ರಮಾಣವನ್ನು ಗೊತ್ತುಮಾಡಿ, ಆಮೇಲೆ ಲೂಪುಗಳನ್ನು ಅದಕ್ಕೆ ಹೊಂದಿಸತಕ್ಕದ್ದು. 120ರ ಲೂಪಿನ ವೇಗವನ್ನು ಬರೇ ತಗ್ಗಿಸಿ 100ಕ್ಕೆ ತಂದರೆ ಶ್ರುತಿಯೂ ಇಳಿದು, ಹಾರ್ಮೋನಿಯಮ್ಮಿನ ಕರಿಬಿಳಿ ಮನೆಗಳಲ್ಲಿ ಸುಮಾರು ಮೂರು ಮನೆ ಕೆಳಗಾಗುವದು. 1998ರಲ್ಲಿ ಹೊರಟ ಆಸಿಡ್, 2001ರಲ್ಲಿ ಹೊರಟ ಏಬಲ್ಟನ್ ಲೈವ್ ಮೊದಲಾದ ಸಾಫ್ಟ್‌ವೇರುಗಳು ಶ್ರುತಿಯನ್ನು ಉಳಿಸಿ ಕಾಲವನ್ನು ಮಾತ್ರ ಹಿಗ್ಗಿಸಬಲ್ಲವು. ಆದರೆ ಅತಿಯಾಗಿ ಹಿಗ್ಗಿಸಿದರೆ ನಾದವು ಕೆಡುವದು.

ಯಂತ್ರದ ಊಹೆಯನ್ನೇ ನಂಬಿಬಿಡಬಾರದು. ಅದು 70ನ್ನು 140 ಎಂದು ಎಣಿಸುವದುಂಟು. ಲೂಪಿನ ಕೊನೆಯಲ್ಲಿ ಮಿಕ್ಕ ಮೌನದ ಚೂರನ್ನೂ ಕತ್ತರಿಸತಕ್ಕದ್ದು. ಬಳಿಕ ಎಣಿಕೆಗಳನ್ನು 60ರಿಂದ ಗುಣಿಸಿ, ಲೂಪಿನ ಸೆಕೆಂಡುಗಳಿಂದ ಭಾಗಿಸಿದರೆ ನಿಜವಾದ ಕಾಲಪ್ರಮಾಣವು ದೊರೆಯುವದು. ಕಡೆಗೆ, ಕೈಯಲ್ಲಿ ತಾಳ ಹಾಕುತ್ತಾ ಹಾಡನ್ನು ಕೊನೆಯವರೆಗೂ ಕೇಳಿರಿ. ಯಾಕಂದರೆ ಈ ದೋಷವು ಆರಂಭದಲ್ಲಿ ಅಡಗಿದ್ದು ಅಂತ್ಯದಲ್ಲಿಯೇ ಹೊರಬೀಳುವದು.