ಮಗು ಬರೆದ ಸಾಧನೆಯನ್ನು ಓದುವವರು ಯಾರು?

ಅಮೆರಿಕದಲ್ಲಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಅಪ್ಪ ಅಮ್ಮಂದಿರಿಗೆ ಮಗು ಹದಿನಾಲ್ಕು ಹದಿನೈದಕ್ಕೆ ಬಂದ ವರ್ಷ ಒಂದು ತಲೆನೋವು ಕಾದಿರುತ್ತದೆ. ರೇಖಾಗಣಿತಕ್ಕೆ ಯಾವ ಪುಸ್ತಕ ತರುವುದು, ಯಾವ ಆನ್‌ಲೈನ್ ತರಗತಿಗೆ ಸೇರಿಸುವುದು? ನಮ್ಮಲ್ಲಿ ರೇಖಾಗಣಿತವೆಂದರೆ ಗಣಿತ ಪುಸ್ತಕದ ನಾಲ್ಕಾರು ಅಧ್ಯಾಯ. ಅಲ್ಲಿ ಬೀಜಗಣಿತದ ಎರಡು ವರ್ಷಗಳ ನಡುವೆ ಅದಕ್ಕೆಂದೇ ಒಂದು ಇಡೀ ವರ್ಷ ಮೀಸಲು. ಹೋಮ್‌ಸ್ಕೂಲಿಂಗ್ 1993ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಕಾನೂನುಬದ್ಧವಾದ ಮೇಲೆ ಈ ವರ್ಷಕ್ಕೆ ಸರಕು ಒದಗಿಸುವವರಿಗೇನೂ ಕೊರತೆಯಿಲ್ಲ. ಲಾಸ್ ಏಂಜಲೀಸಿನ ಮೇಷ್ಟ್ರು ಹೆರಾಲ್ಡ್ ಜೇಕಬ್ಸ್ 1974ರಲ್ಲಿ ಹೊರತಂದ, ವ್ಯಂಗ್ಯಚಿತ್ರಗಳಿಂದ ತುಂಬಿದ ಪುಸ್ತಕವನ್ನು ಇಂದಿಗೂ ಹುಡುಕಿ ಕೊಳ್ಳುವವರಿದ್ದಾರೆ. ಆರ್ಟ್ ಆಫ್ ಪ್ರಾಬ್ಲಮ್ ಸಾಲ್ವಿಂಗ್‌ನ ಪುಸ್ತಕ ಮತ್ತು ಆನ್‌ಲೈನ್ ತರಗತಿ, ಪುಕ್ಕಟೆಯ ಖಾನ್ ಅಕಾಡೆಮಿ, ಇವು ಯಾವುವೂ ಬೇಡವೆಂದರೆ ನೇರವಾಗಿ ಯೂಕ್ಲಿಡ್. ಹೋಲಿಕೆ ಮಾತ್ರ ಸಾಮಾನ್ಯವಾಗಿ ಬೆಲೆ, ವಿಡಿಯೊ, ಕಷ್ಟ ಸುಲಭಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ನನ್ನ ಪ್ರಕಾರ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಮಗು ತನ್ನ ಕೈಯಾರೆ ಬರೆದ ಪ್ರಮೇಯದ ಸಾಧನೆಯನ್ನು ಯಾರಾದರೂ ಕೂತು ಓದುತ್ತಾರೆಯೇ? ರೇಖಾಗಣಿತದ ಈ ಪ್ರತ್ಯೇಕ ವರ್ಷ ಹುಟ್ಟಿಕೊಂಡ ಬಗೆಯನ್ನು ನೋಡಿದರೆ ಈ ಪ್ರಶ್ನೆ ಎಷ್ಟು ಹಳೆಯದೆಂಬುದು ತಿಳಿಯುತ್ತದೆ.

ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ರೇಖಾಗಣಿತ ಅಮೆರಿಕದಲ್ಲಿ ಕಾಲೇಜಿನ ವಿಷಯವಾಗಿತ್ತು. ಹಾರ್ವರ್ಡ್ 1844ರಲ್ಲಿ ಅದನ್ನು ಪ್ರವೇಶಕ್ಕೇ ಕಡ್ಡಾಯ ಮಾಡಿತು, ಬೇರೆ ಕಾಲೇಜುಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು, ಕಲಿಸುವ ಹೊಣೆ ಶಾಲೆಯ ಹೆಗಲಿಗೆ ಬಿತ್ತು. ಆಗಿನ ಕಲಿಕೆಯೆಂದರೆ ಪುಸ್ತಕದಲ್ಲಿದ್ದ ಸಾಧನೆಯನ್ನು ಉರುಹೊಡೆದು ಒಪ್ಪಿಸುವುದು. ಹಾರ್ವರ್ಡ್ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ನೇತೃತ್ವದಲ್ಲಿ 1892ರಲ್ಲಿ ನೇಮಕವಾದ ಹತ್ತು ಜನರ ಸಮಿತಿಯ ವರದಿ ಇದರ ದಿಕ್ಕು ತಿರುಗಿಸಿತು. ವಿದ್ಯಾರ್ಥಿ ಸಾಧನೆಗಳನ್ನು ತಾನೇ ಕಟ್ಟಬೇಕು, ಬುದ್ಧಿ ಪಳಗುವುದು ಹಾಗೆ ಎಂಬುದು ಅದರ ನಿಲುವು. ಮಾತು ಒಳ್ಳೆಯದೇ, ಆದರೆ ಅದು ಬಂದ ಕಾಲ ಅನುಕೂಲದ್ದಾಗಿರಲಿಲ್ಲ. ಅಲ್ಲಿಂದ ಮುಂದೆ ಪ್ರೌಢಶಾಲೆಗಳಿಗೆ ಸೇರುವವರ ಸಂಖ್ಯೆ ಹತ್ತು ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ಇಮ್ಮಡಿಸುತ್ತ ಹೋಯಿತು. ತುಂಬಿದ ತರಗತಿಯ ಒಬ್ಬೊಬ್ಬರೂ ತಮಗೆ ತೋಚಿದಂತೆ ಬರೆದ ಸಾಧನೆಯನ್ನು ಮೇಷ್ಟ್ರು ಓದಿ ಮುಗಿಸುವುದಾದರೂ ಯಾವಾಗ? ಈ ಇಕ್ಕಟ್ಟಿನಿಂದ ಮೂಡಿದ್ದೇ ಎರಡು ಕಾಲಮ್ಮಿನ ಸಾಧನೆ. ಹಾಳೆಯ ನಡುವೆ ಒಂದು ಗೆರೆ, ಎಡಕ್ಕೆ ಹೇಳಿಕೆ, ಬಲಕ್ಕೆ ಕಾರಣ. ಶುಲ್ಟ್ಸ್ ಮತ್ತು ಸೆವೆನೋಕ್ ಎಂಬಿಬ್ಬರ 1913ರ ಪಠ್ಯಪುಸ್ತಕದಲ್ಲಿ ಈ ರೂಪ ಕಾಣಿಸಿಕೊಂಡ ಬಗೆಯನ್ನು ಗಣಿತ ಶಿಕ್ಷಣದ ಸಂಶೋಧಕ ಪ್ಯಾಟ್ರಿಸಿಯೊ ಹರ್ಬ್ಸ್ಟ್ 2002ರ ಒಂದು ಪ್ರಬಂಧದಲ್ಲಿ ಎಳೆಎಳೆಯಾಗಿ ಬಿಡಿಸಿಟ್ಟಿದ್ದಾರೆ.

ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಒಂದರ ಕೆಳಗೊಂದು ಬರೆದು ಎಸ್ಸೆಸ್ಸೆಲ್ಸಿ ದಾಟಿದ ಕನ್ನಡಿಗರಿಗೆ ಈ ಶಿಸ್ತು ಹೊಸದೇನಲ್ಲ. ಥೇಲ್ಸ್ ಪ್ರಮೇಯ ಅರ್ಥವಾಗದಿದ್ದರೂ ಅದರ ಅಂಕ ಕೈಬಿಡದಂತೆ ಕಾಪಾಡಿದ್ದು ಈ ಚೌಕಟ್ಟೇ. ಅದನ್ನು ಹಳಿಯುವುದು ಸುಲಭ, ಆದರೆ ಅಷ್ಟು ನ್ಯಾಯವಲ್ಲ. ಕಾರಣ ಕೊಡದೆ ಒಂದು ಸಾಲೂ ಮುಂದೆ ಹೋಗುವಂತಿಲ್ಲ ಎಂಬ ಕಟ್ಟುಪಾಡು ಹೊಸದಾಗಿ ಕಲಿಯುವವರಿಗೆ ದೊಡ್ಡ ಆಸರೆ. ಹೀಗಿದ್ದೂ ಫಲ ಮಾತ್ರ ತೃಪ್ತಿಕರವಲ್ಲ. ಅಮೆರಿಕದ ಐದು ರಾಜ್ಯಗಳ ಸುಮಾರು 1,500 ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಶ್ಯಾರನ್ ಸೆಂಕ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷವಿಡೀ ಸಾಧನೆ ಕಲಿತವರಲ್ಲಿ ಸುಮಾರು ನೂರಕ್ಕೆ ಮೂವತ್ತು ಮಂದಿಗೆ ಮಾತ್ರ ಅದು ಮುಕ್ಕಾಲು ಪಾಲಾದರೂ ಕೈವಶವಾಗಿತ್ತು.

ಒಂದು ಉದಾಹರಣೆ ನೋಡೋಣ. ಸಮದ್ವಿಬಾಹು ತ್ರಿಭುಜದ ಪಾದಕೋನಗಳು ಸಮ ಎಂದು ಸಾಧಿಸಬೇಕು. ಪುಸ್ತಕದ ದಾರಿ ಎಲ್ಲರಿಗೂ ಗೊತ್ತು: ಶೃಂಗದಿಂದ ಕೋನಾರ್ಧಕ ಎಳೆ, ಎರಡು ತ್ರಿಭುಜಗಳು ಬಾಹು-ಕೋನ-ಬಾಹು ನಿಯಮದಿಂದ ಸರ್ವಸಮ, ಆದ್ದರಿಂದ ಕೋನಗಳು ಸಮ. ಒಬ್ಬ ಹುಡುಗಿ ಕೋನಾರ್ಧಕದ ಬದಲು ಲಂಬ ಎಳೆದು ಲಂಬಕೋನ-ವಿಕರ್ಣ-ಬಾಹು ನಿಯಮ ಹಚ್ಚುತ್ತಾಳೆ ಎನ್ನಿ. ಉತ್ತರ ಸರಿಯಾಗಿದೆ, ಪ್ರತಿ ಸಾಲಿಗೂ ಕಾರಣವಿದೆ. ಆದರೆ ಎಷ್ಟೋ ಪುಸ್ತಕಗಳಲ್ಲಿ ಆ ನಿಯಮವನ್ನು ಸಾಧಿಸಿರುವುದೇ ಪಾದಕೋನಗಳು ಸಮ ಎಂಬುದನ್ನು ಬಳಸಿಕೊಂಡು! ಅಂದರೆ ಆಕೆ ಸಾಧಿಸಬೇಕಾದ್ದನ್ನೇ ಸುತ್ತುಬಳಸಿ ಆಧಾರ ಮಾಡಿಕೊಂಡಿದ್ದಾಳೆ. ಇನ್ನೊಬ್ಬ ಹುಡುಗ ಗೆರೆಯನ್ನೇ ಎಳೆಯುವುದಿಲ್ಲ. ತ್ರಿಭುಜವನ್ನು ಮಗುಚಿ ಅದರ ಮೇಲೇ ಕೂರಿಸಿದರೆ ಸಮ ಬಾಹುಗಳಲ್ಲಿ ಎಬಿ ಇದ್ದಲ್ಲಿ ಎಸಿ, ಎಸಿ ಇದ್ದಲ್ಲಿ ಎಬಿ ಬರುತ್ತದೆ, ನಡುವಿನ ಕೋನ ಅದೇ, ಇನ್ನೇನು ಬೇಕು ಎನ್ನುತ್ತಾನೆ. ನಾಲ್ಕನೇ ಶತಮಾನದ ಪ್ಯಾಪಸ್ ಹೆಸರಿನಲ್ಲಿರುವ ಸೊಗಸಾದ ಸಾಧನೆ ಇದೇ. ಕೋನಾರ್ಧಕಕ್ಕೆಂದು ಮೊದಲೇ ಖಾಲಿ ಜಾಗ ಬಿಟ್ಟ ಕಂಪ್ಯೂಟರ್ ಅಭ್ಯಾಸದಲ್ಲಿ ಇವನ ಸಾಧನೆ ಬರೆಯಲು ಜಾಗವೇ ಇಲ್ಲ. ಅವಳ ತಪ್ಪು ತಪ್ಪೆಂದೂ ಇವನ ಜಾಣತನ ಜಾಣತನವೆಂದೂ ತಿಳಿಯಬೇಕಾದರೆ ಹಾಳೆಯನ್ನು ಒಬ್ಬರು ಓದಲೇಬೇಕು. ತುಂಬಿದ ತರಗತಿಯ ಮೇಷ್ಟ್ರಿಗೆ ದುಬಾರಿಯಾಗಿದ್ದ ಈ ಪುರುಸೊತ್ತು, ಓದಿಸಬೇಕಾದ ಮಗು ಒಂದೋ ಎರಡೋ ಇರುವ ಮನೆಗೆ ಹಾಗೇ ಸಿಕ್ಕಿದೆ. ಅದನ್ನು ಬಿಟ್ಟುಕೊಟ್ಟು, ತರಗತಿಯ ಅನುಕೂಲಕ್ಕೆ ಹುಟ್ಟಿದ ಚೌಕಟ್ಟನ್ನು ಕಂಪ್ಯೂಟರಿನ ಮೂಲಕ ಮನೆಯೊಳಗೆ ಕರೆದುಕೊಳ್ಳುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ಅಪ್ಪ ಅಮ್ಮನಿಗೇ ರೇಖಾಗಣಿತ ಮರೆತುಹೋಗಿದ್ದರೆ? ಸಾಧನೆ ಕಟ್ಟುವುದಕ್ಕೆ ಬೇಕಾದ ಚುರುಕು ಬೇರೆ, ಬರೆದದ್ದನ್ನು ಓದಿ ಪ್ರತಿ ಸಾಲಿಗೂ ‘ಇದು ಯಾಕೆ?’ ಎಂದು ಕೇಳುವ ತಾಳ್ಮೆ ಬೇರೆ. ಉತ್ತರಪುಸ್ತಿಕೆ ಪಕ್ಕದಲ್ಲಿಟ್ಟುಕೊಂಡರೆ ಎರಡನೆಯದು ಬಹುಪಾಲು ಜನರಿಂದ ಆಗುವ ಕೆಲಸ. ಮೇಲಿನ ಹುಡುಗಿಯಂಥ ಸೂಕ್ಷ್ಮ ತಪ್ಪು ಕಣ್ತಪ್ಪಬಹುದು ಎಂಬುದು ನಿಜ. ಅಂಥಲ್ಲಿ ಹಣ ಕೊಡುವುದು ವಿಡಿಯೊಗಲ್ಲ, ಓದುವ ಕಣ್ಣಿಗೆ. ಆರ್ಟ್ ಆಫ್ ಪ್ರಾಬ್ಲಮ್ ಸಾಲ್ವಿಂಗ್‌ನ ತರಗತಿ ನಡೆಯುವುದು ಪಠ್ಯರೂಪದ ಚಾಟ್‌ನಲ್ಲಿ, ಮೇಷ್ಟ್ರ ಮುಖ ಕೂಡ ಕಾಣುವುದಿಲ್ಲ. ಆದರೂ ವಿದ್ಯಾರ್ಥಿ ವಿವರವಾಗಿ ಬರೆದ ಉತ್ತರಕ್ಕೆ ಓದಿದವರ ಟಿಪ್ಪಣಿ ಬರುತ್ತದೆ ಎಂಬುದೇ ಅದರ ಹೆಚ್ಚುಗಾರಿಕೆ. ಇನ್ನೂ ಬಲವಾದ ಆಕ್ಷೇಪ ಪರೀಕ್ಷೆಯದು. ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಈಗಿನ ಡಿಜಿಟಲ್ ಎಸ್‌ಎಟಿಯ ಗಣಿತದಲ್ಲಿ ರೇಖಾಗಣಿತ ಮತ್ತು ತ್ರಿಕೋನಮಿತಿ ಸೇರಿ ಸುಮಾರು ನೂರಕ್ಕೆ ಹದಿನೈದರಷ್ಟು, ಸಾಧನೆ ಬರೆಯಿರಿ ಎಂದು ಅದು ಕೇಳುವುದೇ ಇಲ್ಲ. ಇದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಗುರಿ ಅಷ್ಟೇ ಆಗಿದ್ದರೆ ಖಾನ್ ಅಕಾಡೆಮಿಯಲ್ಲಿ ಕೆಲವು ತಿಂಗಳು ಲೆಕ್ಕ ಮಾಡಿದರೆ ಸಾಕು, ವಿಸ್ತೀರ್ಣ, ಕೋನ, ಸಮರೂಪತೆಯ ಲೆಕ್ಕಗಳಿಗೆ ತಕ್ಷಣ ಸರಿ ತಪ್ಪು ಹೇಳುವ ಯಂತ್ರ ಯಾವ ಮೇಷ್ಟ್ರಿಗೂ ಕಡಿಮೆಯಲ್ಲ. ಆದರೆ ಆಗ ಇಡೀ ವರ್ಷ ಬೇಕಿಲ್ಲ. ಬೀಜಗಣಿತವನ್ನು ಬದಿಗಿಟ್ಟು ಒಂದು ವರ್ಷ ಕೊಡುವುದಾದರೆ ಅದು ಸಾಧನೆಗಾಗಿಯೇ. ಎಐ ಓದುವುದಿಲ್ಲವೇ ಎನ್ನುವವರಿಗೆ ಒಂದೇ ಮಾತು: ಓದು ಎಂದರೆ ಓದುತ್ತದೆ, ಬರೆದುಕೊಡು ಎಂದರೆ ಬರೆದೂ ಕೊಡುತ್ತದೆ. ಹದಿನೈದರ ಮಗು ಯಾವುದನ್ನು ಕೇಳೀತು ಎಂದು ಊಹಿಸುವುದು ಕಷ್ಟವಲ್ಲ.

ಬೆಂಗಳೂರಿನಲ್ಲಿ ಮನೆಯಲ್ಲೇ ಓದಿ ಎನ್‌ಐಒಎಸ್ ಅಥವಾ ಐಜಿಸಿಎಸ್‌ಇ ಪರೀಕ್ಷೆ ಕಟ್ಟುವ ಮಕ್ಕಳಿಗೆ ಈ ಪ್ರತ್ಯೇಕ ವರ್ಷ ಇಲ್ಲ. ಅಲ್ಲಿ ರೇಖಾಗಣಿತ ಗಣಿತ ವಿಷಯದ ಒಂದು ಭಾಗ, ಹಾಗಾಗಿ ಸಾಧನೆಗೆ ಬೇಕಾದ ಬಿಡುವನ್ನು ಮನೆಯವರೇ ಮಾಡಿಕೊಳ್ಳಬೇಕು. ಆನ್‌ಲೈನ್ ತರಗತಿಯ ವಿಚಾರದಲ್ಲಿ ಅಮೆರಿಕ, ಬೆಂಗಳೂರು ಎರಡೂ ಕಡೆ ಒರೆಗಲ್ಲು ಒಂದೇ. ಶುಲ್ಕ ಕಟ್ಟುವ ಮೊದಲು, ಹೆಸರು ಅಳಿಸಿದ, ತಿದ್ದಿ ಟಿಪ್ಪಣಿ ಬರೆದ ಒಂದು ಉತ್ತರಪತ್ರಿಕೆಯನ್ನು ತೋರಿಸಿ ಎಂದು ಕೇಳಬಹುದು. ಅದರಲ್ಲಿ ಅಂಕ ಮಾತ್ರ ಇದೆಯೋ, ಅಥವಾ ನಾಲ್ಕನೇ ಸಾಲಿನ ಪಕ್ಕದಲ್ಲಿ ‘ಇದು ನಿನಗೆ ಹೇಗೆ ಗೊತ್ತಾಯಿತು?’ ಎಂದು ಯಾರಾದರೂ ಬರೆದಿದ್ದಾರೋ ನೋಡಿಕೊಂಡು ತೀರ್ಮಾನಿಸಬಹುದು.